ಬಿಟ್ಟುಕೊಟ್ಟ ಫ್ರಾಂಚೈಸಿ ಶುಲ್ಕವನ್ನು ಕಂಪನಿ ಮರಳಿ ಕೇಳಬಹುದೇ?

ಪ್ರಶ್ನೆ: ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಕೆಫೆ ಬ್ರ್ಯಾಂಡಿನ ಫ್ರಾಂಚೈಸಿ ನಡೆಸುತ್ತಿದ್ದೇನೆ. ಒಪ್ಪಂದಕ್ಕೆ ಸಹಿ ಹಾಕಿ ಹದಿನಾಲ್ಕು ತಿಂಗಳಾಯಿತು. 10 ಲಕ್ಷ ರೂಪಾಯಿ ಫ್ರಾಂಚೈಸಿ ಶುಲ್ಕದಲ್ಲಿ 4 ಲಕ್ಷವನ್ನು ‘ಉತ್ತೇಜನ’ ಎಂದು ಬಿಟ್ಟುಕೊಟ್ಟಿದ್ದರು. ಉಳಿದ 6 ಲಕ್ಷವನ್ನು ಜಿಎಸ್‌ಟಿ ಸಮೇತ ಕಟ್ಟಿದ್ದೇನೆ. ಉತ್ತೇಜನಕ್ಕೆ ಐದು ಷರತ್ತುಗಳಿದ್ದವು: ಸಹಿಯಾದ 120 ದಿನಗಳೊಳಗೆ ಮಳಿಗೆ ತೆರೆಯಬೇಕು, ಪ್ರತಿ ತಿಂಗಳ 7ನೇ ತಾರೀಕಿನೊಳಗೆ ರಾಯಲ್ಟಿ ಕಟ್ಟಬೇಕು, ಸಾಮಗ್ರಿಯನ್ನೆಲ್ಲ ಅವರು ಹೇಳಿದವರಿಂದಲೇ ಕೊಳ್ಳಬೇಕು, ಮೂರು ತಿಂಗಳಿಗೊಮ್ಮೆ ನಡೆಯುವ ಆಡಿಟ್‌ನಲ್ಲಿ 80 ಅಂಕ ಪಡೆಯಬೇಕು, ಸಹಿಯಾದಂದಿನಿಂದ 36 ತಿಂಗಳು ಒಪ್ಪಂದದಲ್ಲಿ ಉಳಿಯಬೇಕು. ನಾನು ತೆರೆದದ್ದು 139ನೇ ದಿನ. ಎರಡು ತಿಂಗಳು ರಾಯಲ್ಟಿ ಐದಾರು ದಿನ ತಡವಾಯಿತು. ಕಳೆದ ಆಡಿಟ್‌ನಲ್ಲಿ 76 ಅಂಕ ಬಂತು. ಈಗ 4 ಲಕ್ಷ, ಅದರ ಮೇಲೆ 72,000 ಜಿಎಸ್‌ಟಿ, ಸಹಿಯಾದ ದಿನದಿಂದ ಶೇ. 24ರ ಬಡ್ಡಿ 1,12,000, ಒಟ್ಟು 5,84,000 ರೂಪಾಯಿಯನ್ನು ಹದಿನೈದು ದಿನದೊಳಗೆ ಕಟ್ಟಬೇಕೆಂದೂ ಇಲ್ಲವಾದರೆ ಸರಬರಾಜು ನಿಲ್ಲಿಸುವುದಾಗಿಯೂ ನೋಟಿಸ್ ಕಳಿಸಿದ್ದಾರೆ. ಅವರ ಬಳಿ ನಾನು ಸಹಿ ಮಾಡಿಕೊಟ್ಟ ಎರಡು ಖಾಲಿ ಚೆಕ್‌ಗಳಿವೆ. ಕೊಡಲೇಬೇಕೇ? ನನ್ನ ಮೈದುನ ಬೆಳಗಾವಿಯಲ್ಲಿ ಇದೇ ಯೋಜನೆಯಡಿ ಮಳಿಗೆ ತೆರೆಯಲು ಹೊರಟಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ಪೂರ್ತಿ 5,84,000 ರೂಪಾಯಿ ಕೊಡಬೇಕಾಗಿ ಬರುವುದಿಲ್ಲ ಎಂಬುದು ನಿಮ್ಮ ಕಾಗದಪತ್ರಗಳನ್ನು ಓದಿದ ಮೇಲೆ ನನ್ನ ಅಭಿಪ್ರಾಯ. ಆದರೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ ಎಂಬ ಧೈರ್ಯವನ್ನು ನಿಮಗೆ ತುಂಬಲಾರೆ. ನೋಟಿಸ್‌ನಲ್ಲಿರುವ ಮೂರು ಉಲ್ಲಂಘನೆಗಳಲ್ಲಿ ಒಂದು ಬಹುಪಾಲು ಅವರದೇ ತಪ್ಪು, ಒಂದು ಅರೆಬರೆ, ಮತ್ತೊಂದು ನಿಮ್ಮದೇ.

ಮೊದಲಿಗೆ ಈ ಉತ್ತೇಜನ ಎಂಬುದರ ಸ್ವರೂಪ ಸ್ಪಷ್ಟವಾಗಬೇಕು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಸಾಲದ ವ್ಯವಹಾರಕ್ಕೆ ಒಪ್ಪುತ್ತದೆ. ಷರತ್ತಿನ ರಿಯಾಯಿತಿಯಲ್ಲಿ ಅದು ತಿರುಗುಮುರುಗು. ಕೊಟ್ಟವರು ಜೇಬಿನಿಂದ ಏನನ್ನೂ ತೆಗೆದಿರುವುದಿಲ್ಲ, ಬರಬೇಕಾದ ಹಣವನ್ನು ಸದ್ಯಕ್ಕೆ ಕೇಳದೆ ಉಳಿದಿರುತ್ತಾರೆ, ಅಷ್ಟೆ. ಪಡೆದವರು ಮಾತ್ರ ಮೂರು ವರ್ಷ ಆ ಹಣದ ನೆರಳಿನಲ್ಲಿ ವ್ಯಾಪಾರ ಮಾಡುತ್ತಾರೆ. ಹಾಗಾಗಿ ನ್ಯಾಯಾಲಯದ ಮುಂದೆ ಬರುವ ಮೊದಲ ಪ್ರಶ್ನೆ, ಈ 4 ಲಕ್ಷ ಎಂದೋ ಬಾಕಿಯಾಗಿದ್ದು ಮುಂದೂಡಿದ ಶುಲ್ಕವೋ ಅಥವಾ ಷರತ್ತು ಮುರಿದದ್ದಕ್ಕೆ ಹೇರಿದ ದಂಡವೋ ಎಂಬುದು. ಮುಂದೂಡಿದ ಶುಲ್ಕವಾದರೆ ಕಂಪನಿ ತನ್ನ ಬಾಕಿಯನ್ನು ಕೇಳುತ್ತಿದೆ ಎಂದಾಗುತ್ತದೆ, ಮತ್ತು ಅದರ ಕೈ ಮೇಲಾಗುತ್ತದೆ. ದಂಡವಾದರೆ ಭಾರತೀಯ ಕರಾರು ಕಾಯ್ದೆ, 1872ರ 74ನೇ ಕಲಂ ಅನ್ವಯಿಸುತ್ತದೆ. ಆ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಎಷ್ಟೇ ಮೊತ್ತ ನಮೂದಾಗಿದ್ದರೂ ಸಿಗುವುದು ಅದನ್ನು ಮೀರದ ‘ಸಮಂಜಸ ಪರಿಹಾರ’ ಮಾತ್ರ.

ನಿಮ್ಮ ಒಪ್ಪಂದದ ಸಾಲು ಹೀಗಿದೆ: ‘ಮೂಲ ಶುಲ್ಕ ರೂ. 10 ಲಕ್ಷದಲ್ಲಿ ರೂ. 4 ಲಕ್ಷವನ್ನು ಉತ್ತೇಜನವಾಗಿ ಕಡಿತಗೊಳಿಸಲಾಗಿದ್ದು, ಯಾವುದೇ ಷರತ್ತು ಉಲ್ಲಂಘನೆಯಾದಲ್ಲಿ ಸಂಪೂರ್ಣ ಉತ್ತೇಜನ ಮೊತ್ತವನ್ನು ಒಪ್ಪಂದದ ದಿನಾಂಕದಿಂದ ಶೇ. 24 ಬಡ್ಡಿಯೊಂದಿಗೆ ಮರಳಿಸತಕ್ಕದ್ದು.’ ಇದರ ಮೊದಲರ್ಧ ಶುಲ್ಕದ ಭಾಷೆ, ಎರಡನೆಯ ಅರ್ಧ ದಂಡದ ಭಾಷೆ. ‘ಯಾವುದೇ ಷರತ್ತು’ ಎಂಬ ಮಾತನ್ನು ಗಮನಿಸಿ. ಒಂದು ದಿನ ತಡವಾಗಿ ರಾಯಲ್ಟಿ ಕಟ್ಟಿದವರೂ ಎರಡನೇ ತಿಂಗಳಲ್ಲೇ ಅಂಗಡಿ ಮುಚ್ಚಿ ಹೋದವರೂ ಇಲ್ಲಿ ಒಂದೇ ಮೊತ್ತ ತೆರಬೇಕು. ಸಣ್ಣ ತಪ್ಪಿಗೂ ದೊಡ್ಡ ತಪ್ಪಿಗೂ ಒಂದೇ ಮೊತ್ತವನ್ನು ಕಟ್ಟಿದ ಕಲಮನ್ನು ನ್ಯಾಯಾಲಯಗಳು ಅನುಮಾನದಿಂದಲೇ ನೋಡುತ್ತವೆ. ನಷ್ಟವನ್ನು ಅಂದಾಜು ಮಾಡಿದ ಲೆಕ್ಕ ಅದಲ್ಲ, ಹೆದರಿಸಲು ಇಟ್ಟ ಲೆಕ್ಕ ಎಂಬುದು ಮೇಲ್ನೋಟಕ್ಕೇ ಕಾಣುತ್ತದೆ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟ್‌ನ ದಾರಿ ಹಳೆಯದು. ಫತೇಹ್ ಚಂದ್ ಪ್ರಕರಣದಲ್ಲಿ, 1963ರಲ್ಲಿ, ಆಸ್ತಿ ಮಾರಾಟಗಾರರು ಮುಟ್ಟುಗೋಲು ಹಾಕಿಕೊಂಡಿದ್ದ 25,000 ರೂಪಾಯಿಯಲ್ಲಿ 1,000 ರೂಪಾಯಿಯ ಮುಂಗಡವನ್ನಷ್ಟೇ ಆ ಲೆಕ್ಕದಲ್ಲಿ ಉಳಿಸಿಕೊಳ್ಳಲು ಕೋರ್ಟ್ ಬಿಟ್ಟಿತು. 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ತೀರ್ಪು ಇನ್ನೂ ಮುಂದೆ ಹೋಯಿತು. ದೆಹಲಿ ಅಭಿವೃದ್ಧಿ ಪ್ರಾಧಿಕಾರ 78 ಲಕ್ಷ ರೂಪಾಯಿಯ ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡು, ಅದೇ ನಿವೇಶನವನ್ನು ಹಲವು ಪಟ್ಟು ಹೆಚ್ಚಿನ ಬೆಲೆಗೆ ಬೇರೆಯವರಿಗೆ ಮಾರಿತ್ತು. ನಷ್ಟವೇ ಆಗದಿದ್ದಲ್ಲಿ ಪರಿಹಾರದ ಮಾತೆಲ್ಲಿಂದ ಬಂತು ಎಂಬುದು ಆ ತೀರ್ಪಿನ ತಿರುಳು. ನಿಮ್ಮ ಎದುರುಪಕ್ಷದವರು ‘ಇದು ಪರಿಹಾರವಲ್ಲ, ನಮ್ಮ ಬೆಲೆಯ ಬಾಕಿ’ ಎಂದೇ ವಾದಿಸುತ್ತಾರೆ ಎಂಬುದೂ ನೆನಪಿರಲಿ. ಮೂಲ ಶುಲ್ಕ 10 ಲಕ್ಷ ಎಂದು ನೀವೇ ಸಹಿ ಮಾಡಿರುವುದರಿಂದ ಆ ವಾದಕ್ಕೆ ತೂಕವಿಲ್ಲವೆನ್ನಲಾಗದು. ಬಡ್ಡಿಯ ಮಟ್ಟಿಗೆ ಮಾತ್ರ ನಿಮ್ಮ ನೆಲೆ ಗಟ್ಟಿಯಾಗಿದೆ. ತಪ್ಪಿದ ದಿನದಿಂದ ಹೆಚ್ಚುವ ಬಡ್ಡಿಯೇ ದಂಡವೆನಿಸಬಹುದು ಎಂದು 74ನೇ ಕಲಮಿನ ವಿವರಣೆ ಹೇಳುತ್ತದೆ. ತಪ್ಪು ನಡೆಯುವುದಕ್ಕೂ ಮುಂಚಿನ, ನೀವು ಎಲ್ಲ ಷರತ್ತನ್ನೂ ಪಾಲಿಸುತ್ತಿದ್ದ ತಿಂಗಳುಗಳಿಗೂ ಇವರು ಶೇ. 24 ಕೇಳುತ್ತಿರುವುದು ಅದನ್ನೂ ಮೀರಿದ್ದು.

ಇನ್ನು ಒಂದೊಂದೇ ಉಲ್ಲಂಘನೆಗೆ ಬರುತ್ತೇನೆ. ಇಂಥ ಷರತ್ತುಗಳನ್ನು ಓದುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಷರತ್ತಿನ ಬೀಗದ ಕೈ ಯಾರ ಬಳಿ ಇದೆ?

120 ದಿನಗಳ ಷರತ್ತನ್ನು ತೆಗೆದುಕೊಳ್ಳೋಣ. ನೀವು ಕಳಿಸಿದ ಇ-ಮೇಲ್‌ಗಳ ಪ್ರಕಾರ ಮಳಿಗೆಯ ಒಳಾಂಗಣ ನಕ್ಷೆ ನಿಮ್ಮಿಂದ ಕಂಪನಿಗೆ ಹೋದದ್ದು ಸಹಿಯಾದ 12ನೇ ದಿನ. ಒಪ್ಪಿಗೆ ಬಂದದ್ದು 53ನೇ ದಿನ. ನಡುವೆ 41 ದಿನ. ಅವರದೇ ಕೈಪಿಡಿಯ ಪ್ರಕಾರ ನಕ್ಷೆಗೆ 15 ದಿನದೊಳಗೆ ಒಪ್ಪಿಗೆ ಕೊಡಬೇಕು, ಮತ್ತು ಒಪ್ಪಿಗೆಯಿಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಅಂದರೆ 26 ದಿನ ಅವರ ಮೇಜಿನ ಮೇಲೆ ಹೆಚ್ಚಾಗಿ ಕಳೆದಿವೆ. ನೀವು ತಡಮಾಡಿದ್ದು 19 ದಿನ. ಕರಾರು ಕಾಯ್ದೆಯ 67ನೇ ಕಲಂ ಇದಕ್ಕೆಂದೇ ಬರೆದಂತಿದೆ: ಕೆಲಸ ಮಾಡಿಸಿಕೊಳ್ಳುವವನು ಕೆಲಸಕ್ಕೆ ಬೇಕಾದ ಅನುಕೂಲವನ್ನು ಒದಗಿಸದಿದ್ದರೆ, ಆ ಕಾರಣದಿಂದಾದ ಲೋಪಕ್ಕೆ ಕೆಲಸ ಮಾಡುವವನು ಹೊಣೆಯಲ್ಲ. ಕಾಯ್ದೆಯಲ್ಲಿ ಕೊಟ್ಟಿರುವ ಉದಾಹರಣೆ ಹಳ್ಳಿಯವರಿಗೂ ಅರ್ಥವಾಗುವಂಥದು. ಮನೆ ದುರಸ್ತಿಗೆ ಒಪ್ಪಿಕೊಂಡವನಿಗೆ ಮನೆಯ ಯಜಮಾನ ಎಲ್ಲೆಲ್ಲಿ ದುರಸ್ತಿಯಾಗಬೇಕೆಂದು ತೋರಿಸದಿದ್ದರೆ ದುರಸ್ತಿಯಾಗದ್ದಕ್ಕೆ ಅವನನ್ನು ದೂರುವಂತಿಲ್ಲ. ಹೆಸ್ಕಾಂನಿಂದ ಹೆಚ್ಚುವರಿ ವಿದ್ಯುತ್ ಲೋಡ್ ಮಂಜೂರಾಗಲು ಹಿಡಿದ ದಿನಗಳನ್ನೂ ನೀವು ಬರೆದಿದ್ದೀರಿ. ಅದನ್ನು ಉತ್ತರದಲ್ಲಿ ಸೇರಿಸಬೇಡಿ. ಪಾಲಿಕೆಯ ಪರವಾನಗಿ, ವಿದ್ಯುತ್, ಆಹಾರ ಸುರಕ್ಷತಾ ಲೈಸೆನ್ಸ್ ಇವೆಲ್ಲ ಫ್ರಾಂಚೈಸಿಯ ಹೊಣೆ ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿದೆ. ಗಟ್ಟಿ ವಾದದ ಪಕ್ಕದಲ್ಲಿ ಜಾಳು ವಾದವನ್ನಿಟ್ಟರೆ ಎದುರಿನವರು ಜಾಳಾದುದಕ್ಕೇ ಉತ್ತರ ಬರೆಯುತ್ತಾರೆ.

ಇದೇ ಷರತ್ತಿಗೆ ಸಂಬಂಧಿಸಿದಂತೆ ಇನ್ನೊಂದು ಸಂಗತಿಯಿದೆ. 139ನೇ ದಿನ ಕಂಪನಿಯ ಪ್ರಾದೇಶಿಕ ವ್ಯವಸ್ಥಾಪಕರು ಬಂದು ರಿಬ್ಬನ್ ಕತ್ತರಿಸಿ, ಅಭಿನಂದನೆಯ ಇ-ಮೇಲ್ ಕಳಿಸಿ, ಅಂದಿನಿಂದ ಒಂಬತ್ತು ತಿಂಗಳು ರಾಯಲ್ಟಿ ಪಡೆದಿದ್ದಾರೆ. ತಡವನ್ನು ಆಗ ಯಾರೂ ಎತ್ತಲಿಲ್ಲ. ಗಡುವು ಮೀರಿದ ಮೇಲೂ ಕೆಲಸವನ್ನು ಒಪ್ಪಿಕೊಂಡವನು, ಒಪ್ಪಿಕೊಳ್ಳುವ ಹೊತ್ತಿಗೇ ತಿಳಿಸದಿದ್ದರೆ, ಆಮೇಲೆ ತಡಕ್ಕಾಗಿ ಪರಿಹಾರ ಕೇಳುವಂತಿಲ್ಲ ಎಂದು 55ನೇ ಕಲಂ ಹೇಳುತ್ತದೆ. ‘ಸುಮ್ಮನಿದ್ದ ಮಾತ್ರಕ್ಕೆ ಹಕ್ಕು ಬಿಟ್ಟಂತಲ್ಲ’ ಎಂಬ ಸಾಲೊಂದು ನಿಮ್ಮ ಒಪ್ಪಂದದ ಕೊನೆಯ ಪುಟದಲ್ಲಿದೆ, ಅವರು ಅದನ್ನು ಹಿಡಿದುಕೊಳ್ಳುತ್ತಾರೆ. ಆದರೆ ಸುಮ್ಮನಿರುವುದು ಬೇರೆ, ರಿಬ್ಬನ್ ಕತ್ತರಿಸುವುದು ಬೇರೆ.

ಆಡಿಟ್‌ನ ಕಥೆ ಇಷ್ಟು ಸರಳವಲ್ಲ. ನೀವು ಕಳಿಸಿದ ಅಂಕಪಟ್ಟಿಯಲ್ಲಿ ಹೊಸ ಮೆನು ಫಲಕ ಇಲ್ಲವೆಂದು 3 ಅಂಕ ಕಳೆದಿದ್ದಾರೆ. ಆ ಫಲಕ ಬರಬೇಕಾದದ್ದು ಕಂಪನಿಯ ಮುದ್ರಕರಿಂದ, ಬಂದದ್ದು ಆಡಿಟ್ ಆದ ಹನ್ನೊಂದು ದಿನಕ್ಕೆ. ಆ ಮೂರನ್ನು ನಿಮಗೆ ಕೊಡಿಸಿದರೂ 79 ಆಗುತ್ತದೆ, 80 ಆಗುವುದಿಲ್ಲ. ಉಳಿದ ಅಂಕಗಳು ಹೋದದ್ದು ಫ್ರಿಜ್‌ನ ತಾಪಮಾನದ ದಾಖಲೆ ಪುಸ್ತಕವನ್ನು ಆರು ದಿನ ತುಂಬದೆ ಬಿಟ್ಟದ್ದಕ್ಕೆ, ಇಬ್ಬರು ಹುಡುಗರು ತಲೆಗೆ ಟೊಪ್ಪಿ ಹಾಕದಿದ್ದುದಕ್ಕೆ. ಇವು ನಿಮ್ಮ ಲೋಪಗಳೇ. ಇಲ್ಲಿ ನಿಮಗೆ ಆಸರೆಯಾಗುವುದು ಒಪ್ಪಂದದ ಇನ್ನೊಂದು ಕಲಂ: ಆಡಿಟ್ ಕೊರತೆಯನ್ನು ಸರಿಪಡಿಸಲು 30 ದಿನ ಕೊಡಬೇಕೆಂದು ಅದರಲ್ಲಿದೆ. ಆ ಅವಕಾಶವನ್ನು ಕೊಡದೆ ನೇರವಾಗಿ ಉತ್ತೇಜನವನ್ನು ರದ್ದು ಮಾಡಿದ್ದಾರೆ. 30 ದಿನದ ಕಲಂ ಒಪ್ಪಂದ ರದ್ದತಿಗೆ ಮಾತ್ರ, ಉತ್ತೇಜನಕ್ಕಲ್ಲ ಎಂದು ಅವರು ಹೇಳಿಯಾರು. ಆದರೆ ಕಲಮಿನಲ್ಲಿ ಹಾಗೆ ಬರೆದಿಲ್ಲ, ಮತ್ತು ಅಸ್ಪಷ್ಟ ಮಾತನ್ನು ಬರೆದವರ ವಿರುದ್ಧ ಅರ್ಥೈಸುವುದು ವಾಡಿಕೆ.

ರಾಯಲ್ಟಿ ತಡವಾದದ್ದಕ್ಕೆ ಮಾತ್ರ ನನ್ನಲ್ಲಿ ಸಮಾಧಾನವಿಲ್ಲ. ಬೀಗದ ಕೈ ಪೂರ್ತಿ ನಿಮ್ಮ ಬಳಿಯೇ ಇತ್ತು. ತಡವಾದ ದಿನಗಳಿಗೆ ಬಡ್ಡಿ ಕಟ್ಟಿದ್ದೀರಿ, ಅವರು ಅದನ್ನು ಪಡೆದು ರಸೀದಿ ಕೊಟ್ಟಿದ್ದಾರೆ. ಒಂದೇ ತಪ್ಪಿಗೆ ಎರಡು ಸಲ ವಸೂಲಿಯೇ ಎಂದು ಕೇಳಬಹುದು. ಅದಕ್ಕಿಂತ ಹೆಚ್ಚಿನದೇನನ್ನೂ ಹೇಳಲು ಹೋಗಬೇಡಿ.

ಜಿಎಸ್‌ಟಿಯ 72,000 ರೂಪಾಯಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನೋಟಿಸ್ ಬರೆದವರು ಎಡವಿರುವುದು ಇಲ್ಲಿ. ಫ್ರಾಂಚೈಸಿ ಶುಲ್ಕಕ್ಕೆ ಶೇ. 18 ಜಿಎಸ್‌ಟಿ ಇದೆ. ಆದರೆ ಒಪ್ಪಂದ ಮುರಿದದ್ದಕ್ಕೆ ಕೊಡುವ ಪರಿಹಾರ ಯಾವ ಸೇವೆಯ ಬೆಲೆಯೂ ಅಲ್ಲವಾದ್ದರಿಂದ ಅದಕ್ಕೆ ಜಿಎಸ್‌ಟಿ ಇಲ್ಲವೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ನೋಟಿಸ್‌ನ ಎರಡನೇ ಪ್ಯಾರಾದಲ್ಲಿ ‘ಉಲ್ಲಂಘನೆಗೆ ಪರಿಹಾರವಾಗಿ’ ಎಂದು ಬರೆದು, ಐದನೇ ಪ್ಯಾರಾದಲ್ಲಿ ಅದೇ ಮೊತ್ತಕ್ಕೆ ಜಿಎಸ್‌ಟಿ ಸೇರಿಸಿದ್ದಾರೆ. ಪರಿಹಾರವಾದರೆ ಜಿಎಸ್‌ಟಿ ಇಲ್ಲ, ಆದರೆ ನಷ್ಟವಾಯಿತೆಂದು ತೋರಿಸಬೇಕು. ಶುಲ್ಕವಾದರೆ ಜಿಎಸ್‌ಟಿ ಇದೆ, ಆದರೆ ಮೊದಲಿನ ಇನ್‌ವಾಯ್ಸ್‌ಗೆ ಕಾನೂನುಬದ್ಧ ಡೆಬಿಟ್ ನೋಟ್ (ಬಿಲ್ಲಿನ ಮೊತ್ತ ಹೆಚ್ಚಿದೆಯೆಂದು ತೋರಿಸುವ ಪೂರಕ ಪತ್ರ) ಕೊಡಬೇಕು. ಎರಡು ದೋಣಿಯಲ್ಲಿ ಕಾಲಿಡಲು ಬಿಡಬೇಡಿ, ಯಾವುದೆಂದು ಲಿಖಿತವಾಗಿ ಕೇಳಿ. ಬಟ್ಟೆ ಅಂಗಡಿಯವರಾಗಿದ್ದರೆ ಈ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಕೊಂಡದ್ದರ ಮೇಲೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಪಡೆದು ಸುಮ್ಮನಾಗಬಹುದಿತ್ತು. ನೀವು ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ರೆಸ್ಟೋರೆಂಟ್ ವರ್ಗದವರು. 2017ರ ನವೆಂಬರ್ 15ರಿಂದ ಆ ದರದಲ್ಲಿರುವವರಿಗೆ ಜಮೆ ಸಿಗುವುದಿಲ್ಲ. ಆದ್ದರಿಂದ 72,000 ನಿಮಗೆ ಕೈಬಿಟ್ಟು ಹೋಗುವ ಹಣ.

ಖಾಲಿ ಚೆಕ್‌ಗಳ ವಿಚಾರದಲ್ಲಿ ಉದಾಸೀನ ಬೇಡ. ‘ಭದ್ರತೆಗೆ ಕೊಟ್ಟದ್ದು’ ಎಂಬ ಒಂದೇ ಕಾರಣಕ್ಕೆ ಚೆಕ್ ಬೌನ್ಸ್ ಆಗುವುದನ್ನು ಅಪರಾಧವೆನ್ನುವ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಬ್ಯಾಂಕಿಗೆ ಪಾವತಿ ತಡೆಯಲು ಹೇಳಿ ನಿಶ್ಚಿಂತರಾಗಿರುವುದೂ ತಪ್ಪು, ಹಾಗೆ ಮರಳಿದ ಚೆಕ್ಕಿಗೂ ಮೊಕದ್ದಮೆ ಬರಬಹುದು. ಮೊತ್ತ ವಿವಾದದಲ್ಲಿದೆ, ಈ ದಿನ ಯಾವ ಸಾಲವೂ ಇತ್ಯರ್ಥವಾಗಿಲ್ಲ, ಚೆಕ್ ತುಂಬಿ ಹಾಜರುಪಡಿಸಲು ನಿಮಗೆ ಅಧಿಕಾರ ಕೊಟ್ಟಿಲ್ಲ ಎಂದು ಅವರು ಹಾಜರುಪಡಿಸುವ ಮುಂಚೆಯೇ ಪತ್ರ ಬರೆದಿರಬೇಕು. ಒಂದು ವೇಳೆ ಚೆಕ್ ಮರಳಿ 138ರ ನೋಟಿಸ್ ಬಂದರೆ ಅದು ತಲುಪಿದ 15 ದಿನ ನಿಮ್ಮ ಗಡುವು. ಅದನ್ನು ಈಗಿನ ನೋಟಿಸ್‌ನ ಹದಿನೈದು ದಿನಗಳೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಈಗಿನದು ಅವರೇ ಹಾಕಿಕೊಂಡ ಗಡುವು, 138ರದು ಕಾನೂನು ವಿಧಿಸಿದ ಗಡುವು.

ಸರಬರಾಜು ನಿಂತರೆ ಏನು ಗತಿ ಎಂಬ ನಿಮ್ಮ ಭಯ ಸಹಜ. ಒಪ್ಪಂದದಲ್ಲಿ ಆರ್ಬಿಟ್ರೇಷನ್ (ವಿವಾದವನ್ನು ನ್ಯಾಯಾಲಯದ ಬದಲು ಖಾಸಗಿ ತೀರ್ಪುಗಾರರ ಮುಂದೆ ತೀರಿಸಿಕೊಳ್ಳುವ) ಕಲಂ ಇರುವುದರಿಂದ, 1996ರ ಆರ್ಬಿಟ್ರೇಷನ್ ಕಾಯ್ದೆಯ 9ನೇ ಕಲಮಿನಡಿ ಸರಬರಾಜು ನಿಲ್ಲಿಸದಂತೆ ಮಧ್ಯಂತರ ಆದೇಶ ಕೇಳಬಹುದು. ಆರ್ಬಿಟ್ರೇಷನ್ ಸ್ಥಳ ಬೆಂಗಳೂರು ಎಂದಿರುವುದರಿಂದ ಅರ್ಜಿ ಹೋಗಬೇಕಾದದ್ದು ಅಲ್ಲಿಗೆ. ಆರ್ಬಿಟ್ರೇಟರ್ ಆಗಿ ಕಂಪನಿಯ ಆಡಳಿತ ನಿರ್ದೇಶಕರೇ ಇರತಕ್ಕದ್ದೆಂಬ ಸಾಲು ನಿಮ್ಮ ಒಪ್ಪಂದದಲ್ಲಿದೆ. ಅದು ಇಂದು ನಿಲ್ಲುವುದಿಲ್ಲ, ವಿವಾದದಲ್ಲಿ ಹಿತಾಸಕ್ತಿ ಉಳ್ಳವರು ತೀರ್ಪುಗಾರರೂ ಆಗಬಾರದು, ತಾವಾಗಿಯೇ ಒಬ್ಬರನ್ನು ನೇಮಿಸಲೂಬಾರದು ಎಂಬುದನ್ನು 2017 ಮತ್ತು 2019ರ ತೀರ್ಪುಗಳು ಇತ್ಯರ್ಥಗೊಳಿಸಿವೆ. ಆರ್ಬಿಟ್ರೇಷನ್ ಕಲಂ ಇಲ್ಲದವರಿಗೆ ದಾರಿ ವಾಣಿಜ್ಯ ನ್ಯಾಯಾಲಯ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಫ್ರಾಂಚೈಸಿ ಒಪ್ಪಂದಗಳನ್ನು ಹೆಸರಿಸಿಯೇ ಸೇರಿಸಿಕೊಂಡಿದೆ, ಮೊತ್ತ 3 ಲಕ್ಷ ಮುಟ್ಟಿದರೆ ಸಾಕು. ಗ್ರಾಹಕರ ವೇದಿಕೆಗೆ ಹೋಗಿ ಎಂದು ನಿಮಗೆ ಯಾರೋ ಹೇಳಿದ್ದಾರೆ. ವ್ಯಾಪಾರಕ್ಕಾಗಿ ಪಡೆದ ಸೇವೆಗೆ ಅಲ್ಲಿ ಸಾಮಾನ್ಯವಾಗಿ ಜಾಗವಿಲ್ಲ, ಆರು ತಿಂಗಳು ಕಳೆದುಕೊಳ್ಳುತ್ತೀರಿ.

ಆದರೂ ಮೊದಲು ರಾಜಿಗೆ ಪ್ರಯತ್ನಿಸಿ ಎಂಬುದೇ ನನ್ನ ಸಲಹೆ. ಇನ್ನೂ 22 ತಿಂಗಳು ನೀವು ಅದೇ ಫಲಕದ ಕೆಳಗೆ ಅಂಗಡಿ ನಡೆಸಬೇಕು. 36 ತಿಂಗಳಲ್ಲಿ 14 ತಿಂಗಳನ್ನು ಪೂರೈಸಿದ್ದೀರಿ. ಉಳಿದ ಅವಧಿಯ ಪಾಲೆಂದರೆ 4 ಲಕ್ಷದ 36ರಲ್ಲಿ 22 ಭಾಗ, ಸುಮಾರು 2,44,000 ರೂಪಾಯಿ. ಮಾತುಕತೆಯ ಮೇಲ್ಮಿತಿ ಇದೆಂದು ಮನಸ್ಸಿನಲ್ಲಿಟ್ಟುಕೊಂಡು, ಉತ್ತೇಜನವನ್ನು ಉಳಿಸಿ ಮುಂದಿನ ಎರಡು ಆಡಿಟ್‌ಗಳ ಮೇಲೆ ಪರಿಶೀಲನೆ ಇಡುವ ಪ್ರಸ್ತಾಪದಿಂದ ಮಾತು ಆರಂಭಿಸಿ. ಪತ್ರದ ತಲೆಯಲ್ಲಿ ‘ನಮ್ಮ ಹಕ್ಕುಗಳಿಗೆ ಬಾಧೆಯಿಲ್ಲದಂತೆ’ ಎಂದು ಬರೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ರಾಜಿಯ ಮಾತು ಮುಂದೆ ತಪ್ಪೊಪ್ಪಿಗೆಯಾಗಿ ಎದುರಾಗುತ್ತದೆ.

ನಿಮ್ಮ ಮೈದುನನ ವಿಷಯ. ಅಮೆರಿಕದಲ್ಲಾಗಿದ್ದರೆ ಸಹಿಗೆ ಕನಿಷ್ಠ 14 ದಿನ ಮುಂಚೆ 23 ಬಾಬತ್ತುಗಳ ಬಹಿರಂಗ ಪತ್ರ ಅವರ ಕೈಸೇರಬೇಕಿತ್ತು. ಆರಂಭಿಕ ಶುಲ್ಕ ಎಲ್ಲರಿಗೂ ಒಂದೇ ಅಲ್ಲದಿದ್ದರೆ ಅದು ಎಷ್ಟರಿಂದ ಎಷ್ಟರವರೆಗೆ ಇದೆ ಅಥವಾ ಯಾವ ಲೆಕ್ಕದ ಮೇಲೆ ನಿರ್ಧಾರವಾಗುತ್ತದೆ ಎಂಬುದೂ ಅದರಲ್ಲಿರಬೇಕು. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ, ಅಂಥ ಪತ್ರ ಕೊಡುವ ಕಡ್ಡಾಯವೂ ಇಲ್ಲ. ಆದ್ದರಿಂದ ಇಲ್ಲಿ ಕಾನೂನು ಕೊಡದ ರಕ್ಷಣೆಯನ್ನು ಒಪ್ಪಂದದ ಸಾಲಿನಲ್ಲೇ ಪಡೆಯಬೇಕು.

120 ದಿನಗಳ ಎಣಿಕೆ ಸಹಿಯಿಂದಲ್ಲ, ನಕ್ಷೆಗೆ ಒಪ್ಪಿಗೆ ಸಿಕ್ಕ ದಿನದಿಂದ ಆರಂಭವಾಗಲಿ. ‘ಯಾವುದೇ ಷರತ್ತು’ ಎಂಬುದು ‘30 ದಿನಗಳ ಲಿಖಿತ ಸೂಚನೆಯ ನಂತರವೂ ಸರಿಪಡಿಸದ ಷರತ್ತು’ ಎಂದಾಗಲಿ. ಮರಳಿಸಬೇಕಾದ ಮೊತ್ತ ಪ್ರತಿ ತಿಂಗಳೂ 36ರಲ್ಲಿ ಒಂದು ಪಾಲಿನಂತೆ ಕರಗುತ್ತ ಹೋಗಲಿ. ಈ ಮೂರನ್ನೂ ಒಪ್ಪುವ ಕಂಪನಿಗಳಿವೆ, ಕೇಳುವವರು ಕಡಿಮೆ. ಸಾಮಗ್ರಿಯ ಷರತ್ತನ್ನು ನೀವು ಪಾಲಿಸಿದ್ದೀರಿ ಎಂದು ಅದು ಸುಲಭವೆಂದುಕೊಳ್ಳುವುದು ಬೇಡ. ಗೊತ್ತುಪಡಿಸಿದ ಹಾಲಿನ ಲಾರಿ ಒಂದು ಬೆಳಿಗ್ಗೆ ಬಾರದಿದ್ದರೆ ಪಕ್ಕದ ಬೂತಿನಿಂದ ನಾಲ್ಕು ಪ್ಯಾಕೆಟ್ ನಂದಿನಿ ತಂದರೂ ಅಕ್ಷರಶಃ ಅದು ಉಲ್ಲಂಘನೆಯೇ. ಸರಬರಾಜುದಾರರು ತಪ್ಪಿದ ದಿನಕ್ಕೆ ವಿನಾಯಿತಿ ಬರೆಸಿಕೊಳ್ಳಲಿ. ಒಪ್ಪಂದದ ಅವಧಿಯಲ್ಲಿ ಪ್ರತಿಸ್ಪರ್ಧಿಯ ವ್ಯಾಪಾರ ಮಾಡಬಾರದೆಂಬ ಷರತ್ತು ಇದ್ದರೆ ಅದು ಊರ್ಜಿತ ಎಂಬುದು 1995ರ ಗುಜರಾತ್ ಬಾಟ್ಲಿಂಗ್ ತೀರ್ಪಿನಿಂದ ಸ್ಪಷ್ಟವಿದೆ. ಅವಧಿ ಮುಗಿದ ಮೇಲೂ ಮಾಡಬಾರದೆಂಬುದಕ್ಕೆ ಕರಾರು ಕಾಯ್ದೆಯ 27ನೇ ಕಲಂ ಅಡ್ಡ ಬರುತ್ತದೆ.

ಇನ್ನೊಂದು ಸಂಗತಿಯನ್ನು ಅವರು ಗಮನಿಸಿಲ್ಲವೆಂದು ತೋರುತ್ತದೆ. ಬೆಳಗಾವಿಯ ಮಳಿಗೆಗೆ ಅವರು ಮಾಡಿಕೊಳ್ಳಲಿರುವುದು ನಮ್ಮಲ್ಲಿ ರೂಢಿಯಾಗಿರುವ 11 ತಿಂಗಳ ಬಾಡಿಗೆ ಕರಾರು. ಕಂಪನಿಗೆ ಮಾತು ಕೊಡುತ್ತಿರುವುದು 36 ತಿಂಗಳಿಗೆ. ಹನ್ನೆರಡನೇ ತಿಂಗಳಲ್ಲಿ ಮನೆ ಮಾಲೀಕರು ಜಾಗ ಬಿಡಿ ಎಂದರೆ ಉತ್ತೇಜನವೂ ಹೋಗುತ್ತದೆ, ಒಳಾಂಗಣಕ್ಕೆ ಸುರಿದ ಹಣವೂ ಹೋಗುತ್ತದೆ. ಒಂದು ವರ್ಷ ಮೀರಿದ ಲೀಸ್‌ಗೆ ನೋಂದಣಿ ಕಡ್ಡಾಯ, ಖರ್ಚೂ ಇದೆ. ಆದರೂ ಮೂರು ವರ್ಷದ ನೋಂದಾಯಿತ ಲೀಸ್ ಕೈಗೆ ಬಂದ ಮೇಲೆಯೇ ಅವರು ಫ್ರಾಂಚೈಸಿ ಒಪ್ಪಂದಕ್ಕೆ ಸಹಿ ಹಾಕಲಿ.

ನಿಮ್ಮ ಉತ್ತರ ನೋಟಿಸ್‌ನ ಹದಿನೈದು ದಿನ ಮುಗಿಯುವ ಮುಂಚೆ, ಒಪ್ಪಂದದಲ್ಲಿ ಸೂಚನೆಗಳಿಗೆಂದು ನಮೂದಿಸಿದ ವಿಳಾಸಕ್ಕೇ, ಸ್ಪೀಡ್ ಪೋಸ್ಟ್ ಮತ್ತು ಇ-ಮೇಲ್ ಎರಡರಲ್ಲೂ ಹೋಗಲಿ. ಪ್ರಾದೇಶಿಕ ವ್ಯವಸ್ಥಾಪಕರ ವಾಟ್ಸ್‌ಆ್ಯಪ್‌ಗೆ ಕಳಿಸಿದರೆ ಒಪ್ಪಂದದ ಪ್ರಕಾರ ಕಳಿಸಿದಂತಾಗುವುದಿಲ್ಲ. ನಕ್ಷೆಯ ಇ-ಮೇಲ್‌ಗಳು ಹಾಗೂ ರಿಬ್ಬನ್ ಕತ್ತರಿಸಿದ ದಿನದ ಸಂದೇಶಗಳಿರುವ ಫೋನನ್ನು ಈಗ ಬದಲಾಯಿಸಬೇಡಿ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಪ್ರಮಾಣಪತ್ರ ಕೊಡಬೇಕಾಗಿ ಬಂದಾಗ ಆ ಸಾಧನವೇ ಕೈಯಲ್ಲಿದ್ದರೆ ಕೆಲಸ ಹಗುರ.